ಅಂಗಡಿಯ ಹೆಸರು ಹೇಳದ ಅಕ್ಕ

"ಪಾಡ್‌ಕಾಸ್ಟಲ್ಲಿ ಒಂದು ಗಂಟೆ ಮಾತಾಡಿದ್ದೀಯಲ್ಲ ಅಕ್ಕ, ಅಂಗಡಿ ಹೆಸರು ಒಂದು ಸಲನಾದ್ರೂ ಬಾಯಿಗೆ ಬರಬಾರದಾ?" ತಂಗಿ ಇಯರ್‌ಫೋನ್ ಕಿತ್ತು ಮೇಜಿನ ಮೇಲಿಟ್ಟಳು.

ಅಕ್ಕ ಪುಟ್ಟದೊಂದು ಬೂಟಿನ ಅಟ್ಟೆಗೆ ಗೋಂದು ಸವರುತ್ತಿದ್ದಳು. ತಲೆ ಎತ್ತಲಿಲ್ಲ. "ಅವರು ಕೇಳಲಿಲ್ಲ."

"ಕೇಳಿದ್ರು! 'ನಿಮ್ಮನ್ನ ಎಲ್ಲಿ ಹುಡುಕೋದು' ಅಂತ ಕೇಳಿದ್ರೆ, 'ಕಾಲು ನೋಯೋರು ಹೇಗೋ ಹುಡುಕ್ಕೊಂಡು ಬರ್ತಾರೆ' ಅಂದಿದ್ದೀಯ. ಹೊಳೇಲಿ ಹುಣಸೆಹಣ್ಣು ಕಿವುಚಿದ ಹಾಗಾಯ್ತು!"

ಹೇಳಿಕೊಟ್ಟ ಮಾತು, ಕಟ್ಟಿಕೊಟ್ಟ ಬುತ್ತಿ ಬಹಳ ದಿನ ಬರುವುದಿಲ್ಲ ಅನ್ನುತ್ತಾರೆ; ಅಕ್ಕನಿಗೆ ಸ್ಟುಡಿಯೋದ ಬಾಗಿಲ ತನಕವೂ ಬಂದಿರಲಿಲ್ಲ. ಅವಳು ಕಾಲುಗಳು ಸಮ ಇಲ್ಲದ ಮಕ್ಕಳಿಗೆ ಅಳತೆ ತೆಗೆದು ಬೂಟು ಹೊಲಿಯುವವಳು. ಕೈಯಲ್ಲಿ ಕಸುಬಿತ್ತು, ಅಂಗಡಿಗೆ ಮಾತ್ರ ಜನ ಬರುತ್ತಿರಲಿಲ್ಲ. ಈ ತಿಂಗಳೂ ಹೀಗೇ ಹೋದರೆ ಬಾಗಿಲು ಹಾಕಿ ಕಾರ್ಖಾನೆಯ ಹೊಲಿಗೆ ಕೆಲಸಕ್ಕೆ ಸೇರುತ್ತೇನೆ ಎಂದು ಅವಳು ಹೇಳಿಯೂ ಆಗಿತ್ತು. ಜಾಹೀರಾತು ಕಂಪನಿಯಲ್ಲಿ ಕೆಲಸ ಮಾಡುವ ತಂಗಿ ಯಾರ್‍ಯಾರದೋ ಕೈಕಾಲು ಹಿಡಿದು ಈ ಪಾಡ್‌ಕಾಸ್ಟಿಗೆ ಅವಳನ್ನು ಕಳಿಸಿದ್ದಳು.

"ಹೋಗಿ ಬಂದ ಮೇಲೂ ಈ ಗೋಳಾಟ ಯಾಕೇ? ಕೆಲಸ ಮುಗೀತಲ್ಲ."

"ಕೆಲಸ ಶುರುವಾಗೋದೇ ಈಗ. ಒಂದು ಗಂಟೆ ಪೂರ್ತಿ ಯಾರು ಕೇಳ್ತಾರೆ? ಚೆನ್ನಾಗಿರೋದನ್ನ ಸಣ್ಣ ಸಣ್ಣ ತುಣುಕು ಮಾಡಿ ದಿನಾ ಒಂದೊಂದು ಹಾಕಬೇಕು. ಡಾಕ್ಟರುಗಳಿಗೆ, ಶಾಲೆಗಳಿಗೆ ಕಳಿಸಬೇಕು. ಚೆನ್ನಾಗಿರೋದು ಒಂದಾದ್ರೂ ಸಿಗಲಿ ಅಂತ ಬೇಡ್ಕೋ."

ಅಂಗಡಿ ಹೆಸರಿಗಾಗಿ ಅಲ್ಲಲ್ಲಿ ಓಡಿಸಿಕೊಂಡು ಕೇಳಿದ್ದ ತಂಗಿ ಈಗ ಮತ್ತೆ ಇಯರ್‌ಫೋನ್ ಸಿಕ್ಕಿಸಿ ಮೊದಲಿನಿಂದ ಕೇಳತೊಡಗಿದಳು. ಚರ್ಮ ನೆನೆಸುವ ಬಗೆ, ದಾರಕ್ಕೆ ಮೇಣ ಹಚ್ಚುವ ಬಗೆ, ಮತ್ತೆ ಚರ್ಮ. ತಂಗಿಗೆ ಆಕಳಿಕೆ ಬಂತು. ಅಷ್ಟರಲ್ಲಿ ಕಾರ್ಯಕ್ರಮ ನಡೆಸುವಾತ, ಈ ಕೆಲಸಕ್ಕೆ ಹೇಗೆ ಬಂದಿರಿ ಎಂದು ಕೇಳಿದ. ಅಕ್ಕನ ದನಿ ತಗ್ಗಿತು. "ನಂಗೆ ಗೊತ್ತಿರೋ ಒಂದು ಮನೇಲಿ ಪುಟ್ಟ ಹುಡುಗಿ ಇದ್ಲು. ಎಡಗಾಲು ಗಿಡ್ಡ. ಮಕ್ಕಳೆಲ್ಲ ಆಡೋಕೆ ಓಡಿದ್ರೆ ಅವಳು ಮೆಟ್ಟಿಲ ಮೇಲೆ ಕೂತು ಎಲ್ಲರ ಚಪ್ಪಲಿ ಕಾಯೋಳು. ನೋಡೋಕಾಗದೆ ಒಂದಿನ ಅವಳ ಚಪ್ಪಲಿಗೆ ರಬ್ಬರಿನ ತುಂಡು ಅಂಟಿಸಿ ಕೊಟ್ಟೆ." ಆ ಹುಡುಗಿ ಈಗ ಏನು ಮಾಡುತ್ತಾಳೆ ಎಂದು ಆತ ಕೇಳಿದ. ಅಕ್ಕ ನಕ್ಕಳು. "ಅವಳ ಹಿಂದೆ ಓಡೋಕೆ ಈಗ ನನ್ನ ಕೈಲಾಗಲ್ಲ."

ತಂಗಿ ಅಲ್ಲಿಗೇ ನಿಲ್ಲಿಸಿದಳು. ಆ ಹುಡುಗಿ ಅವಳೇ. ದಪ್ಪ ಅಟ್ಟೆಯ ಎಡಗಾಲಿನ ಬೂಟು ಕಾಣದಿರಲಿ ಎಂದು ನೆಲ ಗುಡಿಸುವಷ್ಟು ಉದ್ದದ ಪ್ಯಾಂಟು ತೊಡುತ್ತಿದ್ದಳು. ನಡಿಗೆ ಯಾರ ಕಣ್ಣಿಗೂ ಬೀಳಬಾರದೆಂದು ಆಫೀಸಿನ ಮೀಟಿಂಗಿಗೆ ಎಲ್ಲರಿಗಿಂತ ಮೊದಲೇ ಹೋಗಿ ಕೂರುತ್ತಿದ್ದಳು. ಅಲ್ಲಿ ಇವತ್ತಿಗೂ ಯಾರಿಗೂ ವಿಷಯ ಗೊತ್ತಿರಲಿಲ್ಲ.

"ಯಾರದೋ ಮನೆ ಹುಡುಗಿ ಅಂತ ಯಾಕೆ ಹೇಳ್ದೆ ಅಕ್ಕ?"

ಗೋಂದಿನ ಕುಂಚ ನಿಂತಿತು. "ಬಾಯಿ ತಪ್ಪಿ ಬಂತು. ಅದನ್ನ ಹಾಕಬೇಡ. ಚರ್ಮ ನೆನೆಸೋದು ಹಾಕು, ಅದು ಚೆನ್ನಾಗಿದೆ."

"ಚರ್ಮ ನೆನೆಸೋದನ್ನ ಚರ್ಮವೂ ಕೇಳಲ್ಲ. ಜನ ನಿಂತು ಕೇಳೋದು ಇದೊಂದನ್ನೇ."

"ನನ್ನ ಅಂಗಡಿ ನಡೀಲಿ ಅಂತ ನಿನ್ನ ಕಾಲನ್ನ ಬೀದೀಲಿ ತೋರಿಸ್ಲಾ? ಮುಚ್ಚಿದ್ರೆ ಮುಚ್ಚಿ ಹೋಗಲಿ ಬಿಡು."

ತಂಗಿಗೆ ಅಕ್ಕನನ್ನು ತಬ್ಬಿಕೊಳ್ಳಬೇಕೋ ಬೈಯಬೇಕೋ ತಿಳಿಯಲಿಲ್ಲ, ಬೈಯುವುದು ಅಭ್ಯಾಸವಾಗಿತ್ತು. "ಕಾಲು ನೋಯೋರು ಹುಡುಕ್ಕೊಂಡು ಬರ್ತಾರಂತೆ! ಮೆಟ್ಟಿಲ ಮೇಲೆ ಕೂತಿರೋ ಮಗು ಎಲ್ಲಿಗೆ ಅಂತ ಹುಡುಕ್ಕೊಂಡು ಬರುತ್ತೆ? ನಂಗೇನೋ ಮನೆಯೊಳಗೇ ಅಕ್ಕ ಇದ್ಲು."

ತಂಗಿ ಎದ್ದು, ಬೂಟು ಹೊಲಿಯಲು ಇಟ್ಟಿದ್ದ ಮರದ ಅಚ್ಚಿಗೆ ಫೋನು ಒರಗಿಸಿ ನೆಲದ ಮೇಲಿಟ್ಟಳು. ಪ್ಯಾಂಟನ್ನು ಮೊಣಕಾಲ ತನಕ ಮಡಚಿದಳು. ಫೋನಿನ ಎದುರು ಅತ್ತ ಹೋಗಿ ಇತ್ತ ಬಂದಳು. ಹಗಲು ಬೆಳಕಿನಲ್ಲಿ ಹಾಗೆ ನಡೆದು ಅಭ್ಯಾಸವಿಲ್ಲದ್ದಕ್ಕೆ ಕಿವಿಯೆಲ್ಲ ಬಿಸಿಯಾಯಿತು. ಆಮೇಲೆ ಆ ನಡಿಗೆಯ ಮೇಲೆ ಅಕ್ಕನ ಮಾತನ್ನು ಕೂಡಿಸಿ, ಕೊನೆಗೆ ತನ್ನ ದನಿ ಸೇರಿಸಿದಳು: "ಆ ಹುಡುಗಿ ನಾನೇ. ಈ ಬೂಟು ಹೊಲಿದವಳು ನನ್ನ ಅಕ್ಕ." ಕೆಳಗೆ ಅಂಗಡಿಯ ವಿಳಾಸ ಹಾಕಿದಳು.

"ನೋಡು. ನೀನು ಹೂಂ ಅಂದ್ರೆ ಮಾತ್ರ ಹಾಕ್ತೀನಿ."

ಅಕ್ಕ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು ಫೋನು ತೆಗೆದುಕೊಂಡಳು. ನೋಡಿದಳು, ಮತ್ತೆ ಮೊದಲಿನಿಂದ ನೋಡಿದಳು. ಕಣ್ಣು ತುಂಬಿ ಬಂತು. ಮೂಗೆಳೆದುಕೊಂಡು ಸಿಡುಕಿದಳು.

"ಇಷ್ಟು ಧೂಳು ಹಿಡಿದ ಬೂಟನ್ನ ಯಾರಾದ್ರೂ ತೋರಿಸ್ತಾರಾ? ನನ್ನ ಮರ್ಯಾದೆ ಏನಾಗಬೇಕು? ಕೂತ್ಕೋ ಇಲ್ಲಿ."

ತಂಗಿಯನ್ನು ಸ್ಟೂಲಿನ ಮೇಲೆ ಕೂರಿಸಿ, ತಾನು ನೆಲದ ಮೇಲೆ ಕೂತು, ಆ ಪಾದವನ್ನು ಬೂಟಿನ ಸಮೇತ ತೊಡೆಯ ಮೇಲೆ ಎಳೆದುಕೊಂಡಳು. ಪಾಲಿಶ್ ಹಚ್ಚಿ, ಬಟ್ಟೆಯಲ್ಲಿ ಉಜ್ಜಿ, ಅಷ್ಟು ಸಾಲದೆಂದು ಸೆರಗಿನಿಂದಲೂ ಒರೆಸಿದಳು. ಬೂಟು ಮಿರಮಿರನೆ ಮಿಂಚಿತು.

"ಈಗ ಇನ್ನೊಂದು ಸಲ ತೆಗಿ," ಅಂದಳು. "ಎಡಗಾಲು ಮುಂದಿಟ್ಟು ಬಾ."