ಇಪ್ಪತ್ತೇಳು ನಿಮಿಷದ ಪಾರಾಯಣ

"ಅಜ್ಜ, ಇವತ್ತು ಮೈನಸ್ ಮೂರು!"

ಪಾರಾಯಣ ಮುಗಿಸಿ ಪುಂಡರೀಕಾಕ್ಷ ರಾಯರು ತೀರ್ಥಕ್ಕೆ ಕೈ ಚಾಚುವಷ್ಟರಲ್ಲಿ ಮೊಮ್ಮಗಳು ಅಪೇಕ್ಷಾ ಮೊಬೈಲು ನೋಡಿ ಕೂಗಿದಳು. ಅಡುಗೆಮನೆಯಲ್ಲಿ ಸೊಸೆ ವನಮಾಲಾ ದೋಸೆ ಮಗುಚುತ್ತಿದ್ದ ಸದ್ದು ತಟ್ಟನೆ ನಿಂತಿತು. ರಾಯರ ಕಿವಿಗೆ ಬಿದ್ದದ್ದು ಆ ನಿಂತದ್ದೇ.

"ಎಂತದು ಮಾರಾಯ್ತಿ, ಮೈನಸ್ಸು?"

"ಕಾಲೇಜಿನ ಪ್ರಾಜೆಕ್ಟ್, ಅಜ್ಜ. ಮೂರು ವಾರ ನಿಮ್ಮ ಪಾರಾಯಣದ ಟೈಮ್ ಬರೆದೆ ಅಲ್ವಾ? ಸರಾಸರಿ ಇಪ್ಪತ್ತೇಳು ನಿಮಿಷ. ಮಾಮೂಲು ಹೆಚ್ಚುಕಮ್ಮಿ ಒಂದು ನಿಮಿಷ. ಚಿತ್ರ ಬರೆದರೆ ಎಕ್‌ದಮ್ ದೇವರ ಗಂಟೆ ಥರ, ನಡುವೆ ಗುಡ್ಡ, ಎರಡೂ ಕಡೆ ಇಳಿಜಾರು. ಇವತ್ತು ಇಪ್ಪತ್ನಾಲ್ಕೇ! ಮಾಮೂಲು ಹೆಚ್ಚುಕಮ್ಮಿಯ ಮೂರು ಪಟ್ಟು ಕೆಳಗೆ. ಅದಕ್ಕೇ ಝೆಡ್ ಸ್ಕೋರ್ ಅನ್ನೋದು. ಸಾವಿರ ದಿನದಲ್ಲಿ ಒಂದೋ ಎರಡೋ ಸಲ ಹೀಗಾಗಬಹುದು, ಬಸ್."

"ಮಾವ ಗಡಿಬಿಡಿ ಮಾಡಿರಬೇಕು," ಎಂದಿತು ಅಡುಗೆಮನೆಯ ದನಿ.

ಗಡಿಬಿಡಿ ಮಾಡಿರಲಿಲ್ಲ. ಎಲ್ಲೋ ಒಂದಷ್ಟು ಶ್ಲೋಕ ಜಾರಿಹೋಗಿದ್ದವು. ಯಾವುವೆಂದು ರಾಯರಿಗೆ ಹೊಳೆಯಲೇ ಇಲ್ಲ. ಹೋದ ತಿಂಗಳು ಮನೆಯ ಸ್ಟೇಷನ್ ನೆರೂಳದಲ್ಲಿ ಇಳಿಯುವುದು ಮರೆತು ಲೋಕಲ್ ರೈಲಿನಲ್ಲಿ ಕೊನೆಯ ಸ್ಟೇಷನ್ ಪನ್ವೇಲಿನ ತನಕ ಹೋದಾಗಲೇ ಸೊಸೆ ಡಾಕ್ಟರರ ಮಾತೆತ್ತಿದ್ದಳು. ಏಕಾದಶಿಯ ಸಾಮೂಹಿಕ ಪಾರಾಯಣಕ್ಕೆ ಇನ್ನು ಬೇರೆಯವರು ಮುಂದೆ ಕೂರಲಿ ಎಂದೂ ಅಂದಿದ್ದಳು. ಈ ಹುಡುಗಿಯನ್ನು ಕಾವಲಿಗೆ ಕೂರಿಸಿದವಳೂ ಅವಳೇ ಇರಬೇಕು. ಪ್ರಾಜೆಕ್ಟಂತೆ, ಪ್ರಾಜೆಕ್ಟು!

ಮರುದಿನದಿಂದ ರಾಯರು ಮಣೆಯನ್ನು ಗೋಡೆ ಗಡಿಯಾರಕ್ಕೆ ಎದುರಾಗಿ ಹಾಕಿಕೊಂಡರು. ಮುಳ್ಳು ಹಿಂದೆ ಇದ್ದರೆ ರಾಗ ಎಳೆದರು, ಮುಂದೆ ಓಡಿದರೆ ಉಸಿರು ಕಟ್ಟಿ ಹೇಳಿದರು. ಮಂಗಳ ಹಾಡುವಾಗ ಸರಿಯಾಗಿ ಇಪ್ಪತ್ತೇಳು. ಹದಿನಾಲ್ಕು ದಿನವೂ ಇಪ್ಪತ್ತೇಳೇ. "ಎಷ್ಟಾಯ್ತು?" ಎಂದು ದಿನಾ ಗಟ್ಟಿಯಾಗಿ ಕೇಳಿ, ಉತ್ತರ ಅಡುಗೆಮನೆಗೂ ಮುಟ್ಟಿತೋ ಎಂದು ಅತ್ತ ಕಣ್ಣು ಹಾಯಿಸುತ್ತಿದ್ದರು.

ಹದಿನೈದನೆಯ ದಿನ ಅಪೇಕ್ಷಾ ಕಾಲೇಜಿನಿಂದ ಬಂದವಳೇ ಚೀಲ ಎಸೆದಳು. ಕಣ್ಣು ಕೆಂಪಾಗಿತ್ತು.

"ಸರ್ ಪ್ರಾಜೆಕ್ಟ್ ವಾಪಸ್ ಮುಖಕ್ಕೆ ಹಿಡಿದರು. ಕೊನೆಯ ಎರಡು ವಾರದ್ದು ನಾನು ಮನಸ್ಸಿನಿಂದ ಕಟ್ಟಿ ಬರೆದದ್ದಂತೆ. 'ಜೀವ ಇರೋ ಮನುಷ್ಯ ದಿನಾ ಅಷ್ಟೇ ನಿಮಿಷ ಹೇಳೋದಿಲ್ಲ, ಇದು ಗಂಟೆಯ ಆಕಾರ ಅಲ್ಲ, ಸೂಜಿ' ಅಂದ್ರು. ಪೂರಾ ಕ್ಲಾಸಿನ ಎದುರು ಖೋಟಾ ಅಂದ್ರು, ಅಜ್ಜ. ಸೊನ್ನೆ ಕೊಡ್ತಾರಂತೆ. ನಾನು ಸುಳ್ಳು ಬರೆದಿಲ್ಲ, ಖರಂಚ್, ನಿಜವಾಗ್ಲೂ!"

ರಾಯರು ದನಿ ತಗ್ಗಿಸಿದರು. "ನನ್ನ ಟೈಮ್ ನೋಡು ಅಂತ ನಿನಗೆ ಹೇಳಿದ್ದು ಅಮ್ಮ ಅಲ್ವಾ?"

"ಅಮ್ಮನಾ? ಅಜ್ಜನ ತಲೆ ತಿನ್ನಬೇಡ ಅಂತ ಬೈದಿದ್ಲು. ಈ ಮನೆಯಲ್ಲಿ ಒಂದು ದಿನವೂ ತಪ್ಪದ್ದು ನಿಮ್ಮ ಪಾರಾಯಣ ಒಂದೇ. ಅದಕ್ಕೆ ಅದನ್ನೇ ತಗೊಂಡೆ."

ರಾಯರು ಶಾಲಿನ ಅಂಚು ಸರಿಮಾಡಿಕೊಂಡರು.

"ನಿನ್ನ ಸರ್ ಹೇಳಿದ್ದು ಸರಿ," ಎಂದರು. "ಖೋಟಾವೇ. ಮಾಡಿದ್ದು ನಾನು, ಗಡಿಯಾರ ನೋಡಿ. ನಾಳೆ ನಾನೇ ಬಂದು ಅವರಿಗೆ ಹೇಳ್ತೇನೆ."

ಅಪೇಕ್ಷಾ ಎಸೆದ ಚೀಲ ಎತ್ತಿಕೊಂಡು ಅಜ್ಜನ ಪಕ್ಕ ಬಂದು ಕೂತಳು.

"ನಿನಗೆ ಕನ್ನಡ ಓದಲು ಬರೋದಿಲ್ಲ. ಮೊಬೈಲಿನಲ್ಲಿ ಶ್ಲೋಕ ನಾಗರಿ ಲಿಪಿಯಲ್ಲಿ ಸಿಗ್ತದಲ್ವಾ? ತೆಗೆದಿಡು. ಬೆಳಿಗ್ಗೆ ನಾನು ಹೇಳುವಾಗ ಬೆರಳಿಟ್ಟು ನೋಡಿಕೊಂಡು ಹೋಗು. ಎಲ್ಲೆಲ್ಲಿ ಬಿಡ್ತೇನೆ, ಗುರುತು ಹಾಕು."

"ಅಮ್ಮನಿಗೆ ಹೇಳಲಾ?"

"ಹೇಳು," ಎಂದರು ರಾಯರು. "ಮೊದಲು ನನಗೆ ಹೇಳು."