ಐದನೆಯ ತಿರುವಿನ ತೀರ್ಪು

"ಇದನ್ನ ಸ್ಪೋರ್ಟ್ಸ್ ಕಾರು ಅಂತ ಕರೀತೀರೇನಮ್ಮಾ? ಸಂತೆಯಿಂದ ತರಕಾರಿ ಹೊರೋಕೆ ಇಟ್ಕೊಳ್ಳಿ."

ಎರಡು ಸುತ್ತು ಮುಗಿಸಿ ಬಂದ ವಿಮರ್ಶಕರು ಹೆಲ್ಮೆಟ್ ಕೂಡ ತೆಗೆಯದೆ ಕಿಟಕಿಯಿಂದಲೇ ಹೇಳಿದರು. ಎಂಜಿನಿಯರ್ ಬಗ್ಗಿ, ಟೈರಿನ ಅಂಚಿನಲ್ಲಿ ಕಿತ್ತು ಸುರುಳಿಯಾಗಿದ್ದ ರಬ್ಬರನ್ನು ಉಗುರಿನಿಂದ ಕೆರೆದು ನೋಡಿದಳು.

ಇಪ್ಪತ್ತು ವರ್ಷಗಳಿಂದ ಈ ಮನುಷ್ಯನ ಅಂಕಣ ಕಾರುಗಳನ್ನು ಕೊಲ್ಲುತ್ತಾ ಬಂದಿತ್ತು. ಓದುಗರು ಅವರನ್ನು 'ಸ್ಟಾಪ್‌ವಾಚ್' ಎಂದು ಪ್ರೀತಿಯಿಂದ ಕರೆಯುತ್ತಿದ್ದರು. ಕಾರು ಮಾಡುವವರು ಕರೆಯುತ್ತಿದ್ದ ಹೆಸರನ್ನು ಅಚ್ಚು ಹಾಕುವಂತಿಲ್ಲ. ಕಂಪನಿ ಹೇಳುವ ವೇಗ ಒಂದು, ಟ್ರ್ಯಾಕಿನ ಮೇಲೆ ಸಿಗುವ ವೇಗ ಇನ್ನೊಂದು ಎಂದು ಬಯಲು ಮಾಡುವುದೇ ಅವರ ಕಸುಬು.

ಈ ಕಾರಿಗೆ ಅವಳು ಆರು ವರ್ಷ ಸವೆಸಿದ್ದಳು. ಇಂದು ಪಾಸಾಗದಿದ್ದರೆ ಶೆಡ್ಡಿಗೆ ಬೀಗ ಎಂದು ಮೇಲಿನವರು ಕಡ್ಡಿ ಮುರಿದಂತೆ ಹೇಳಿದ್ದರು. ಹನ್ನೊಂದು ಜನ ಮನೆಗೆ. ಅವರಲ್ಲಿ ಒಬ್ಬ ಹೆಡ್ ಮೆಕ್ಯಾನಿಕ್, ಅವಳ ಸ್ವಂತ ಚಿಕ್ಕಪ್ಪ. ಇನ್ನೊಂದು ಕಡೆ ಕೆಲಸ ಹುಡುಕುವ ವಯಸ್ಸು ಅವನದಲ್ಲ.

"ಟೈರ್ ಇನ್ನೂ ಸರಿಯಾಗಿ ಬಿಸಿ ಆಗಿಲ್ಲ ಸಾರ್," ಎಂದ ಚಿಕ್ಕಪ್ಪ, ಕೈ ಒರೆಸಿಕೊಳ್ಳುತ್ತಾ.

"ಕುಣೀಲಾರದವಳು ನೆಲ ಡೊಂಕು ಅಂದಳಂತೆ!" ವಿಮರ್ಶಕರು ನಕ್ಕರು. "ನಿಮ್ಮ ಕಾಗದದಲ್ಲಿ ಒಂದು ಸುತ್ತಿನ ಟೈಮು ಒಂದು ನಿಮಿಷ ಐವತ್ತೆರಡು ಸೆಕೆಂಡು. ನನಗೆ ಸಿಕ್ಕಿದ್ದು ಎರಡು ನಿಮಿಷ ಹನ್ನೊಂದು. ಬಾಕಿ ಹತ್ತೊಂಬತ್ತು ಸೆಕೆಂಡು ಎಲ್ಲಿ ಹೋಯ್ತು? ನಿಮ್ಮ ಜೇಬಿಗಾ?"

ಗೋಡೆಯ ಪಕ್ಕ ಟೈರಿನ ರಾಶಿಯ ಮೇಲೆ ಕಂಪನಿಯ ರೇಸ್ ಚಾಂಪಿಯನ್ ಕಾಲು ಇಳಿಬಿಟ್ಟು ಚಹಾ ಕುಡಿಯುತ್ತಿದ್ದ. ವಿಮರ್ಶಕರ ಕಣ್ಣು ಅವನ ಮೇಲೆ ಬಿತ್ತು.

"ಇವರು ಯಾಕೆ ಕೂತಿದ್ದಾರೆ? ಕಪ್ ಗೆದ್ದವರಲ್ವಾ?"

"ಮೂರು ವಾರ ಪ್ರಯತ್ನ ಮಾಡಿದ್ರು ಸಾರ್," ಎಂದಳು ಎಂಜಿನಿಯರ್. "ಅವರ ಕೈಲಿ ಆಗಲಿಲ್ಲ."

"ಚಾಂಪಿಯನ್ ಕೈಲೇ ಆಗದಿದ್ದ ಮೇಲೆ ಇನ್ನೇನು ಉಳೀತು?" ಈ ಮಾತು ಅವರಿಗೆ ಎಷ್ಟು ಹಿಡಿಸಿತೆಂದರೆ, ಕೂತಲ್ಲೇ ಪುಟ್ಟ ಪುಸ್ತಕ ತೆಗೆದು ಬರೆದುಕೊಂಡರು. "ನಾನು ಮಾಡೋದು ನಿಜವಾದ ಪರೀಕ್ಷೆ ಕಣಮ್ಮಾ. ದುಡ್ಡು ಕೊಟ್ಟು ಕೊಳ್ಳೋನು ಹೇಗೆ ಓಡಿಸ್ತಾನೋ ಹಾಗೆ."

"ನಮಗೂ ಅದೇ ಬೇಕು ಸಾರ್. ಒಂಚೂರೂ ಹಿಂಜರೀಬೇಡಿ. ನಿಮಗೆ ಸರಿ ಅನ್ನಿಸಿದ ಹಾಗೇ ಓಡಿಸಿ."

ಅಷ್ಟು ವಿನಯ ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಸುಳ್ಳು ಹೇಳುವವರ ಲಕ್ಷಣ. ಬೆಳಿಗ್ಗೆ ನಾಲ್ಕು ಪುಟದ ಒಪ್ಪಿಗೆ ಪತ್ರ ಕೊಟ್ಟಿದ್ದಳು. ಇಂಥವನ್ನು ಬಹಳ ನೋಡಿದ್ದೇನೆ ಎಂದು ಓದದೆ ರುಜು ಹಾಕಿದ್ದರು. ಕಾರಿನೊಳಗಿನ ಕ್ಯಾಮೆರಾ ರಸ್ತೆಯತ್ತ ಮುಖ ಮಾಡದೆ ಅವರ ಕೈಕಾಲುಗಳತ್ತ ತಿರುಗಿದ್ದನ್ನು ಗಮನಿಸಿ ಮಾತ್ರ ಖುಷಿಪಟ್ಟಿದ್ದರು. "ರೆಕಾರ್ಡ್ ಮಾಡ್ಕೊಳ್ಳಿ. ನಿಮ್ಮವರಿಗೆ ಪಾಠ ಆಗುತ್ತೆ." ಮೂಲೆಯ ಕುರ್ಚಿಯಲ್ಲಿ ಕಡತ ಹಿಡಿದು ಕೂತಿದ್ದ ಗುಮಾಸ್ತನಂಥ ವ್ಯಕ್ತಿ ಆಗ ಒಮ್ಮೆ ತಲೆಯೆತ್ತಿ ನೋಡಿದ್ದ, ಅಷ್ಟೆ.

ಮೂರನೆಯ ಸುತ್ತು. ಎಂಜಿನ್ ಅರಚಿತು.

ಅವಳು ಗಡಿಯಾರದ ಕಡೆ ನೋಡಲೇ ಇಲ್ಲ. ಐದನೆಯ ತಿರುವನ್ನು ನೋಡುತ್ತಾ ನಿಂತಳು. ಅಲ್ಲಿ ರಸ್ತೆ ಇಳಿಜಾರಿನಲ್ಲಿ ಎಡಕ್ಕೆ ಮುರಿಯುತ್ತದೆ. ಆಚೆ ಕಾಂಕ್ರೀಟ್ ಗೋಡೆ.

"ಬರ್ತಾ ಇದ್ದಾನೆ," ಎಂದ ಚಿಕ್ಕಪ್ಪ. "ಇನ್ನೂ ಬ್ರೇಕ್ ಹಾಕಿಲ್ಲ ಪುಟ್ಟಿ."

"ಸುಮ್ಮನಿರು ಚಿಕ್ಕಪ್ಪ."

ಬ್ರೇಕ್ ಬಿತ್ತು, ತಿರುವಿನ ನಟ್ಟನಡುವೆ. ಕಾರಿನ ಹಿಂಭಾಗ ಗೋಡೆಯತ್ತ ತೂರಿಕೊಂಡು ಹೋಯಿತು. ಹೊಗೆ. ಚಿಕ್ಕಪ್ಪ ಕಣ್ಣು ಮುಚ್ಚಿಕೊಂಡ. ಬೀದಿಗೆ ಓಡುವ ಮಗುವನ್ನು ತಾಯಿ ರಟ್ಟೆ ಹಿಡಿದು ಎಳೆದ ಹಾಗೆ, ಕಾರು ತನ್ನನ್ನು ತಾನೇ ಎಳೆದುಕೊಂಡು ನೆಟ್ಟಗಾಯಿತು. ಗೋಡೆಗೂ ಕಾರಿಗೂ ಒಂದು ಗೇಣು.

ವಿಮರ್ಶಕರು ಬಂದು ಇಳಿದಾಗ ಮುಖ ಬಿಳುಚಿಕೊಂಡಿತ್ತು. ಬಾಯಿಗೆ ಮಾತ್ರ ಏನೂ ಆಗಿರಲಿಲ್ಲ.

"ನೋಡಿದ್ರಾ? ನಾನು ಹಿಡಿದುಕೊಂಡೆ! ಬೇರೆ ಯಾರಾದ್ರೂ ಆಗಿದ್ರೆ ಗೋಡೆಗೆ ಅಂಟಿಕೊಂಡಿರೋರು."

"ನಿಜ ಸಾರ್," ಎಂದಳು ಅವಳು. ಧ್ವನಿ ನಡುಗುತ್ತಿತ್ತು. "ಬೇರೆ ಯಾರು ಬಂದಿದ್ರೂ ಇವತ್ತು ಈ ಕೆಲಸ ಆಗ್ತಿರಲಿಲ್ಲ."

"ಅಳಬೇಡಮ್ಮ. ಇದ್ದದ್ದನ್ನ ಇದ್ದ ಹಾಗೆ ಬರೀತೀನಿ. ಈ ಕಾರು ಫೇಲು." ಓದದೆ ಬಂದ ಹುಡುಗ ಪ್ರಶ್ನೆಪತ್ರಿಕೆಯನ್ನು ಬೈದುಕೊಂಡು ಹೊರಬೀಳುವಂತೆ, ಗೊಣಗುತ್ತಾ ತಮ್ಮ ಹಳೆಯ ಕಾರು ಹತ್ತಿದರು. ಗೇಟಿನ ಬಳಿ ತಿರುಗುವಾಗ ಕಂಬಕ್ಕೆ ಕನ್ನಡಿ ತಾಗಿಸಿಕೊಂಡು, ಕಂಬವನ್ನು ಬೈದು ಹೋದರು.

ಧೂಳು ಅಡಗಿತು. ಚಿಕ್ಕಪ್ಪ ಟೈರಿನ ಮೇಲೆ ಕುಸಿದು ಕೂತ. "ಪತ್ರಿಕೇಲಿ ಮಾನ ಕಳೀತಾನಲ್ಲೇ."

"ಕಳೀಲಿ ಬಿಡು," ಎಂದು ಅವಳು ಮೂಲೆಯ ಕುರ್ಚಿಯತ್ತ ತಿರುಗಿದಳು. "ಏನಂತೀರಿ ಸಾರ್?"

ಕುರ್ಚಿಯವನು ಎದ್ದ. ಜೇಬಿನಿಂದ ಸುರಕ್ಷತಾ ಇಲಾಖೆಯ ಮೊಹರು ತೆಗೆದ. ಚಾಂಪಿಯನ್ ಚಹಾ ಕೆಳಗಿಟ್ಟು, ವಿಮರ್ಶಕರು ಹೋದ ಗೇಟಿನತ್ತ ಕೈಮುಗಿದ: "ಅಷ್ಟು ತಡವಾಗಿ ಬ್ರೇಕ್ ಹಾಕೋಕೆ ಮೂರು ವಾರ ಒದ್ದಾಡಿದೆ. ನನ್ನ ಕಾಲೇ ಒಪ್ಪಲಿಲ್ಲ."

"ಹೊಸಬರನ್ನ ಕೂರಿಸಿದ್ರೆ ಹೆದರಿ ತೆವಳ್ತಿದ್ರು," ಎಂದ ಚಿಕ್ಕಪ್ಪ, ಈಗ ನಗುತ್ತಾ. "ಸಂಬಳ ಕೊಡ್ತೀವಿ ಅಂದ್ರೂ ಇಂಥೋರು ಸಿಗಲ್ಲ."

ಅಧಿಕಾರಿ ಸುರಕ್ಷತಾ ಪರೀಕ್ಷೆಯ ಪಟ್ಟಿಯಲ್ಲಿ ಮೂರು ವಾರದಿಂದ ಖಾಲಿ ಬಿದ್ದಿದ್ದ ಕೊನೆಯ ಕಾಲಮ್ಮನ್ನು ದುಂಡಗಿನ ಅಕ್ಷರಗಳಲ್ಲಿ ತುಂಬಿದ: "ನಾಲ್ಕನೆಯ ವರ್ಗದ ಚಾಲಕ: ಕೌಶಲ ಸೊನ್ನೆ, ಆತ್ಮವಿಶ್ವಾಸ ನೂರಕ್ಕೆ ನೂರು. ಇವರಿಂದಲೂ ಕಾರನ್ನು ಗೋಡೆಗೆ ಗುದ್ದಿಸಲಾಗಲಿಲ್ಲ. ಪಾಸ್."