ಉದುರಿದ ಉಗುರು

ಹಲ್ಲುಜ್ಜಿ ಬಂದ ಆರು ವರ್ಷದ ಮಗಳು ತಿಂಡಿ ತಟ್ಟೆಯ ಅಂಚಿನಲ್ಲಿ ಏನನ್ನೋ ಜೋಪಾನವಾಗಿ ಇಟ್ಟಳು. "ಅಮ್ಮ, ಇದು ಬಿದ್ದುಹೋಯ್ತು," ಎಂದಳು, ಹಾಲುಹಲ್ಲು ಬಿದ್ದವಳ ಠೀವಿಯಲ್ಲಿ. ಅದು ಹೆಬ್ಬೆರಳಿನ ಉಗುರು, ಇಡಿಯದು. ಮೇಲೆ ದಾಳಿಂಬೆ ಕೆಂಪಿನ ನೇಲ್ ಪಾಲಿಶ್ ಒಂದಿಷ್ಟೂ ಮುಕ್ಕಾಗದೆ ಹೊಳೆಯುತ್ತಿತ್ತು.

"ನೋವಾಯ್ತಾ?"

"ಇಲ್ಲ. ಇದೂ ಅಲ್ಲಾಡ್ತಿದೆ, ಕೀಳ್ಲಾ?" ಮಗಳು ತೋರುಬೆರಳನ್ನು ಮುಂದೆ ಮಾಡಿದಳು.

ತಾಯಿ ಆ ಕೈಯನ್ನು ಗಪ್ಪನೆ ಹಿಡಿದುಕೊಂಡಳು. ಬ್ಯೂಟಿ ಪಾರ್ಲರಿನಲ್ಲಿ ಉಗುರಿಗೆ ಬಣ್ಣ ಹಚ್ಚುವ ಕೆಲಸ ಅವಳದು. ಮನೆ ನಡೆಯುವುದೇ ಆ ಗಿಡ್ಡ ಬ್ರಷ್ಷಿನಿಂದ. ಹೊಸ ಬಾಟಲಿ ಬಂದರೆ ಮೊದಲು ಮನೆಗೆ ತಂದು ಮಗಳ ಬೆರಳಿಗೆ ಹಚ್ಚುವಳು. ಎರಡು ದಿನ ಸಿಪ್ಪೆ ಏಳದೆ ನಿಂತರೆ ಆಮೇಲೆ ಗಿರಾಕಿಗಳಿಗೆ. ಈ ದಾಳಿಂಬೆ ಕೆಂಪು ಆ ಪರೀಕ್ಷೆಯಲ್ಲಿ ಪಾಸಾಗಿ ಹತ್ತು ದಿನವಾಗಿತ್ತು. ಅಷ್ಟರೊಳಗೆ ಹನ್ನೊಂದು ಹೆಂಗಸರ ಕೈಗೆ ಏರಿಯೂ ಆಗಿತ್ತು. ಹನ್ನೊಂದು ಜನ, ತಲಾ ಹತ್ತು ಬೆರಳು. ನೂರಾ ಹತ್ತು ಕೆಂಪು ಉಗುರುಗಳು ಊರ ತುಂಬ, ಹಿಟ್ಟು ನಾದುವಲ್ಲಿ, ಬಟ್ಟೆ ಹಿಂಡುವಲ್ಲಿ, ತಲೆ ಕೆರೆದುಕೊಳ್ಳುವಲ್ಲಿ ಉದುರುವುದು ಅವಳ ಕಣ್ಣಿಗೆ ಕಟ್ಟಿತು. ಅದರ ಬೆನ್ನಿಗೇ ಕೆಲಸವೂ ಉದುರುವುದು ಕಂಡಿತು.

ಬಾಯಿ ಮುಚ್ಚಿಕೊಂಡು ಇದ್ದುಬಿಡಬಹುದಿತ್ತು. ಆದರೆ ಹಾಳು ಮನಸ್ಸು ಕೇಳಬೇಕಲ್ಲ. ಹಿಂದಿನ ಸಂಜೆಯಷ್ಟೇ ಬಣ್ಣ ಹಚ್ಚಿಸಿಕೊಂಡು ಹೋಗಿದ್ದ ರಿಟೈರ್ಡ್ ಹೆಡ್‌ಮಿಸ್ಸಿಗೆ ಮೊದಲು ಫೋನ್ ಮಾಡಿದಳು.

"ಮೇಡಂ, ನಿಮ್ಮ ಉಗುರು ಇದೆಯಾ?"

"ಎಲ್ಲಿ?"

"ಬೆರಳಲ್ಲಿ, ಮೇಡಂ."

"ಬೆರಳಲ್ಲದೆ ಇನ್ನೆಲ್ಲಿರತ್ತೆ? ಬೆಳಿಗ್ಗೆ ಬೆಳಿಗ್ಗೆ ಇದೇನಮ್ಮ ಪ್ರಶ್ನೆ?"

"ಸ್ವಲ್ಪ ಅಲ್ಲಾಡಿಸಿ ನೋಡ್ತೀರಾ? ಮೆಲ್ಲಗೆ."

ಆ ಕಡೆ ಫೋನು ಮೇಜಿನ ಮೇಲಿಟ್ಟ ಸದ್ದು, ಮತ್ತೆ ಎತ್ತಿಕೊಂಡ ಸದ್ದು. ಮೂವತ್ತೈದು ವರ್ಷ ಮಕ್ಕಳನ್ನು ಗದರಿಸಿದ ಗಂಟಲು ಈಗ ಪಾಠ ಮರೆತ ಮಗುವಿನದಾಗಿತ್ತು. "ಕಿರುಬೆರಳಿಂದು ಸ್ವಲ್ಪ ಹಾಗನ್ನಿಸ್ತಿದೆ ಕಣಮ್ಮ," ಎಂದರು ಹೆಡ್‌ಮಿಸ್ಸು.

ಉಳಿದ ಹತ್ತು ಜನಕ್ಕೆ ಅವಳು ಫೋನ್ ಮಾಡಬೇಕಾಗಲಿಲ್ಲ. ಪಾರ್ಲರಿಗೆ ಬರುವ ಹೆಂಗಸರದೇ ಒಂದು ವಾಟ್ಸಾಪ್ ಗ್ರೂಪ್ ಇತ್ತು, ಹೆಡ್‌ಮಿಸ್ಸು ಅದರಲ್ಲೂ ಹೆಡ್‌ಮಿಸ್ಸೇ. ಅರ್ಧ ಗಂಟೆಗೆಲ್ಲ ಪಾರ್ಲರಿನ ಒಡತಿಯ ಫೋನ್ ಬಂತು. "ಏನೇ ಹಚ್ಚಿದ್ದೀಯಾ ಇವರಿಗೆಲ್ಲ? ಹನ್ನೊಂದು ಜನಾನೂ ಬಾಗಿಲಲ್ಲಿ ನಿಂತಿದ್ದಾರೆ. ಕೈ ಮೇಲೆತ್ಕೊಂಡಿದ್ದಾರೆ, ಪೊಲೀಸ್ರು ಹಿಡಿದ ಹಾಗೆ. ಬಾಗಿಲು ತಳ್ಳಿ ಬನ್ನಿ ಅಂದ್ರೆ, ಉಗುರು ಕಿತ್ತು ಬಂದ್ರೆ ಯಾರು ಜವಾಬ್ದಾರಿ ಅಂತಾರೆ."

"ಮಗೂನ ಡಾಕ್ಟರಿಗೆ ತೋರಿಸಿ ಬಂದುಬಿಡ್ತೀನಿ ಅಕ್ಕ," ಎಂದಳು ಅವಳು. ಹೆತ್ತ ಕೂಸಿನ ಮೇಲೆ ಬಣ್ಣ ಪರೀಕ್ಷೆ ಮಾಡಿದ ಪಾಪಿ ತಾನು ಎಂದು ದಾರಿಯುದ್ದಕ್ಕೂ ಕಣ್ಣೊರೆಸಿಕೊಂಡಳು. ಮಗಳು ಮಾತ್ರ ಎದುರಿಗೆ ಬಂದವರಿಗೆಲ್ಲ ಬೋಳು ಹೆಬ್ಬೆರಳು ತೋರಿಸುತ್ತ ನಡೆದಳು.

ಮಕ್ಕಳ ಡಾಕ್ಟರು ಬೆರಳನ್ನು ಬೆಳಕಿಗೆ ಹಿಡಿದು ನೋಡಿದರು. ಬುಡದಲ್ಲಿ ಹೊಸ ಉಗುರು ಇಣುಕುತ್ತಿತ್ತು. "ಹೋದ ತಿಂಗಳು ಜ್ವರ ಬಂದು ಅಂಗೈ, ಅಂಗಾಲು, ಬಾಯಲ್ಲೆಲ್ಲ ಗುಳ್ಳೆ ಎದ್ದಿತ್ತಾ?"

"ಹೌದು. ಕ್ಲಾಸಲ್ಲಿ ಅರ್ಧ ಮಕ್ಕಳಿಗೆ ಬಂದಿತ್ತು. ವಾರದಲ್ಲೇ ಹೋಯ್ತಲ್ಲ?"

"ಗುಳ್ಳೆ ಹೋಯ್ತು, ಇದು ಅದರ ಬಾಲ. ಆ ವೈರಸ್ ಬಂದಾಗ ಕೆಲವು ಮಕ್ಕಳಿಗೆ ಉಗುರು ಬೆಳೆಯೋದು ಸ್ವಲ್ಪ ದಿನ ನಿಂತುಬಿಡತ್ತೆ. ಒಂದೆರಡು ತಿಂಗಳಾದ ಮೇಲೆ ಹಳೇದು ಕಳಚಿಕೊಳ್ಳತ್ತೆ, ಹೊಸದು ಬರತ್ತೆ. ಔಷಧಿ ಏನೂ ಬೇಡ. ಈ ಉಗುರಿಂದ ಯಾರಿಗೂ ಅಂಟೋದೂ ಇಲ್ಲ."

"ಹಾಗಾದ್ರೆ ನೇಲ್ ಪಾಲಿಶ್ಶಿಂದ ಅಲ್ವಾ?"

"ಪಾಪ, ಅದೇನು ಮಾಡತ್ತೆ?"

ಮಗಳಿಗೆ ವೈರಸ್ ಬಂದಿತ್ತೆಂದು ಇಷ್ಟು ಖುಷಿಪಟ್ಟ ತಾಯಿಯನ್ನು ಆ ಡಾಕ್ಟರು ಹಿಂದೆ ಕಂಡಿರಲಾರರು. ಮಗಳನ್ನು ಸೊಂಟಕ್ಕೆ ಏರಿಸಿಕೊಂಡು ಅವಳು ಒಂದೇ ಉಸಿರಿಗೆ ಪಾರ್ಲರ್ ತಲುಪಿದಳು. ಒಳಗೆ ಹನ್ನೊಂದು ಜನ ಸಾಲಾಗಿ ಕೂತು, ಹತ್ತಿಯಲ್ಲಿ ಉಗುರಿನ ಬಣ್ಣ ಒರೆಸಿಕೊಳ್ಳುತ್ತ, ಯಾರದು ಹೆಚ್ಚು ಅಲ್ಲಾಡುತ್ತಿದೆ ಎಂದು ಹೋಲಿಸುತ್ತಿದ್ದರು. ಅವಳು ಒಡತಿಯನ್ನು ಒಳಕೋಣೆಗೆ ಎಳೆದೊಯ್ದಳು.

"ಅಕ್ಕ, ಬಣ್ಣದ್ದೇನೂ ತಪ್ಪಿಲ್ಲ. ಇದು ವೈರಸ್ಸಿಂದ ಆಗಿದ್ದು. ಈಗಲೇ ಹೋಗಿ ಎಲ್ಲರಿಗೂ ಹೇಳ್ತೀನಿ."

ಒಡತಿ ಗಾಬರಿಯಾಗಿ ಬಾಗಿಲು ಮುಚ್ಚಿದಳು. "ಮೆಲ್ಲಗೆ ಮಾತಾಡು. ವೈರಸ್ ಬಂದ ಮನೆಯವಳು ಕೈ ಹಿಡಿದು ಬಣ್ಣ ಹಚ್ಚಿದ್ಲು ಅಂತ ಗೊತ್ತಾದ್ರೆ ಇವರು ಈ ಬೀದಿಗೇ ಕಾಲಿಡಲ್ಲ."

"ಉಗುರಿಂದ ಅಂಟಲ್ಲ ಅಂತ ಡಾಕ್ಟರೇ ಹೇಳಿದ್ರು."

"ಯಾರಿಗೆ ಹೇಳ್ತೀಯಾ? ಗಟ್ಟಿಯಾಗಿರೋ ಉಗುರು ಅಲ್ಲಾಡ್ತಿದೆ ಅಂತ ಬಂದು ಕೂತವರಿಗಾ? ಬಣ್ಣಾನೇ ಕೆಟ್ಟದ್ದಿತ್ತು ಅಂದ್ಬಿಟ್ರೆ ವಿಷಯ ಅಲ್ಲಿಗೇ ಮುಗೀತು. ವಾರ ಬಿಟ್ಟು ಹಸಿರು ಹಚ್ಚಿಸ್ಕೊಳ್ಳೋಕೆ ಇವರೇ ಬರ್ತಾರೆ."

"ಆದ್ರೆ ಅದು ಏನೂ ಮಾಡಿಲ್ಲ ಅಕ್ಕ."

ಒಡತಿ ಕಪಾಟಿನಿಂದ ಬಾಟಲಿಯನ್ನು ತೆಗೆದು, ಇನ್ನೂ ಅರ್ಧಕ್ಕಿಂತ ಹೆಚ್ಚು ಇದ್ದುದನ್ನು ನೋಡಿ ನಿಟ್ಟುಸಿರುಬಿಟ್ಟಳು.

"ನನಗೆ ಗೊತ್ತಿಲ್ವೇನೆ? ಇದನ್ನಾದ್ರೆ ಕಸದ ಬುಟ್ಟಿಗೆ ಎಸೀಬಹುದು. ನಿನ್ನನ್ನ ಎಲ್ಲಿಗೆ ಎಸೀಲಿ?"